ರಾವಣನೂ ಮುಖ ತೊಳೆದುಕೊಳ್ಳುತ್ತಾನೆ

ಹೋದ ವರ್ಷ ನಮ್ಮ ವಾಚನಾಲಯದವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಗುರುಗಳೊಬ್ಬರು ಮಕ್ಕಳ ಬಗ್ಗೆ ಒಂದು ಲೇಖನ ಬರೆದಿದ್ದರು. ನಾನು ಅದನ್ನು ಎರಡು ಸಲ ಓದಿದೆ. ಅವರ ಮಾತಿನ ಸಾರ ಇಷ್ಟು: ಈಗಿನ ಮಕ್ಕಳಿಗೆ ಒಳ್ಳೆಯವ ಬೇಡ, ಕೆಟ್ಟವನೇ ಬೇಕು. ಟೀವಿಯ ಶಕ್ತಿಮಾನ್ ಧಾರಾವಾಹಿ ತೋರಿಸಿದರೆ ಶಕ್ತಿಮಾನನನ್ನು ಬಿಟ್ಟು ಅವನ ವೈರಿ ಕಿಲ್ವಿಷನನ್ನು ಮೆಚ್ಚುತ್ತಾರೆ. ಇವತ್ತು ರಾಕ್ಷಸನನ್ನು ಮೆಚ್ಚಿದವರು ನಾಳೆ ರಾಕ್ಷಸರೇ ಆಗುತ್ತಾರೆ. ಅದಕ್ಕೆ ತಂದೆ ತಾಯಿ ಎಚ್ಚರ ಇರಬೇಕು.

ನಾನು ಏಳನೇ ಇಯತ್ತೆ ಓದಿದವ. ಗುರುಗಳ ಎದುರು ನಿಂತು ವಾದ ಮಾಡುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ. ಆದರ ಹೊಲದ ಕೆಲಸ ಮುಗಿಸಿ ರಾತ್ರಿ ಡಪ್ಪು ಹಿಡಿದು ಹಾಡಿದವ ನಾನು. ನಮ್ಮ ಹಾಡಿಕೆ ಅಂದ್ರನ ವಾದ. ಹಿಂಗಾಗಿ ಈ ವರ್ಷದ ಪುಸ್ತಕಕ್ಕ ನಾನೂ ನಾಲ್ಕು ಹಾಳೆ ಬರೆದು ಕೊಟ್ಟೀನಿ. ಗುರುಗಳ ಮ್ಯಾಲೆ ಸಿಟ್ಟಿಲ್ಲ. ಅವರ ಮಾತಿನ ಮ್ಯಾಲೆ ಸಿಟ್ಟೈತಿ. ಈ ಎರಡಕ್ಕೂ ಫರಕು ಐತಿ, ಕಡೀತನಕ ಓದಿದರ ತಿಳಿಯುತ್ತದೆ.

ಸಿಟ್ಟು ಯಾಕ ಬಂತು ಅನ್ನೋದನ್ನ ಮೊದಲು ಹೇಳತೀನಿ. ನನ್ನ ಮೊಮ್ಮಗನ ಸಾಲಿಯಲ್ಲಿ ಛದ್ಮವೇಷದ ಸ್ಪರ್ಧೆ ಇತ್ತು. ಹುಡುಗ ಮೂರು ದಿನ ಕುಂತು ತಯಾರಿ ಮಾಡಿದ. ಅಜ್ಜಿಯ ಹಳೇ ಕರಿ ಸೀರಿ ಹೆಗಲಿಗೆ ಹಾಕಿಕೊಂಡ, ನನ್ನ ಕಂಬಳಿ ಬೆನ್ನಿಗೆ ಬಿಟ್ಟುಕೊಂಡ, ಇದ್ದಲಿ ಅರೆದು ಗಡ್ಡ ಮೀಸಿ ಬರೆದುಕೊಂಡ. ಧ್ವನಿ ದಪ್ಪ ಮಾಡಿ ಮಾತು ಹೇಳೋದನ್ನ ನಾನೇ ಕಲಿಸಿದೆ. ಹೊಟ್ಟಿಯಿಂದ ಧ್ವನಿ ತೆಗಿ, ಗಂಟಲಿಂದ ತೆಗೀಬ್ಯಾಡ ಅಂದೆ. ಸಾಲಿಗೆ ಹೋದರೆ, ಇದು ಖಳನಾಯಕನ ವೇಷ, ಗಾಂಧೀಜಿನೋ ಕೃಷ್ಣನೋ ಆಗಿ ಬಾ, ಇಲ್ಲಂದ್ರ ಕೂಡು ಅಂತ ಅಂದರಂತೆ. ಹುಡುಗ ಮನಿಗೆ ಬಂದಾಗ ಇದ್ದಲಿಯ ಗಡ್ಡ ಕಣ್ಣೀರಿಗೆ ಹರಿದು ಕುತ್ತಿಗೆತನಕ ಇಳಿದಿತ್ತು. "ತಾತಾ, ನಾನು ಕೆಟ್ಟ ಹುಡುಗ ಏನು?" ಅಂತ ಕೇಳಿದ. ಆ ಒಂದು ಮಾತಿಗೆ ಉತ್ತರ ಕೊಡಲಿಕ್ಕೇ ಈ ಲೇಖನ.

ಹಿರಿಯರು ಕೆಲವರಿಗೆ ಈ ಧಾರಾವಾಹಿ ಗೊತ್ತಿರಲಿಕ್ಕಿಲ್ಲ. ಶಕ್ತಿಮಾನ್ ದೂರದರ್ಶನದಲ್ಲಿ 1997ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2005ರವರೆಗೆ ನಡೆಯಿತು. ರವಿವಾರ ಮಧ್ಯಾಹ್ನ ಟೀವಿ ಇದ್ದವರ ಮನಿ ಮುಂದ ಚಪ್ಪಲಿ ರಾಶಿ ಬೀಳತಿತ್ತು. ಹಿಂದಿ ಬರದ ಮಕ್ಕಳು ಸುದ್ದಾ ಬಾಯಿ ತೆರೆದು ನೋಡುತ್ತಿದ್ದವು. ಮುಕೇಶ್ ಖನ್ನಾ ಅನ್ನುವವರು ಶಕ್ತಿಮಾನ್. ಯೋಗ ಮಾಡಿ ಶಕ್ತಿ ಪಡೆದವ, ಬುಗುರಿಯಂಗ ತಿರುಗಿ ಹಾರಿ ಬರುವವ. ಬಾಕಿ ವೇಳೆಯಲ್ಲಿ ಅವನೇ ಗಂಗಾಧರ ಅನ್ನುವ ಹೆಸರಿನಲ್ಲಿ ಚಸ್ಮಾ ಹಾಕಿ, ಹಲ್ಲು ಮುಂದ ಬಿಟ್ಟುಕೊಂಡು, ಒಂದು ಪತ್ರಿಕೆಯಲ್ಲಿ ಫೋಟೋ ತೆಗೆಯುವ ಪೆದ್ದನಂಗ ಇರತಾನ. ಅವನ ವೈರಿ ತಮರಾಜ ಕಿಲ್ವಿಷ. ಆ ಪಾತ್ರ ಮಾಡಿದವರು ಸುರೇಂದ್ರ ಪಾಲ್. ಹೆಸರಿನಲ್ಲೇ ಎಲ್ಲಾ ಐತಿ ನೋಡ್ರಿ. ತಮ ಅಂದ್ರ ಕತ್ತಲೆ. ಕಿಲ್ಬಿಷ ಅಂದ್ರ ಪಾಪ, ನಮ್ಮ ಕನ್ನಡ ನಿಘಂಟಿನಲ್ಲೂ ಆ ಶಬ್ದ ಐತಿ. ಅವ ಗುಹೆಯಲ್ಲಿ ಕುಂತು "ಅಂಧೇರಾ ಕಾಯಂ ರಹೇ" ಅಂತಾನ. ಕತ್ತಲೆ ಹಿಂಗ ಉಳೀಲಿ ಅಂತ ಅರ್ಥ. 2020ರಲ್ಲಿ ಲಾಕ್‌ಡೌನ್ ಆದಾಗ ದೂರದರ್ಶನದವರು ಇದನ್ನು ಮತ್ತ ಹಾಕಿದರು. ಆವಾಗ ನಮ್ಮ ಮೊಮ್ಮಕ್ಕಳ ಪೀಳಿಗೆಗೂ ಹತ್ತಿತು. ಈಗ ಮೊಬೈಲಿನಲ್ಲಿ ನೋಡತಾವ.

ಧಾರಾವಾಹಿ ಚಲೋ ಇತ್ತು ಅಂತ ನಾನು ಹೇಳೋದಿಲ್ಲ. ಕಥಿ ಎಲ್ಲೆಲ್ಲೋ ಹೋಗತಿತ್ತು. ಹಾರುವಾಗ ಹಿಂದಿನ ಆಕಾಶ ಬೇರೆ, ಮನುಷ್ಯ ಬೇರೆ ಅಂತ ಕುರುಡನಿಗೂ ತಿಳೀತಿತ್ತು. ಕಡೀಕ ಶಕ್ತಿಮಾನ್ ಬಂದು ನಿಂತು, ಹಲ್ಲು ತಿಕ್ಕು, ಹೋಂವರ್ಕ್ ಮಾಡು, ದೊಡ್ಡವರ ಮಾತು ಕೇಳು ಅಂತ ಉಪದೇಶ ಮಾಡತಿದ್ದ. ತಪ್ಪು ಮಾಡಿದ ಹುಡುಗ ಅವನಿಗೆ ಸ್ವಾರಿ ಹೇಳಬೇಕು. ಮಾತು ಒಳ್ಳೇದೇ, ತಕರಾರಿಲ್ಲ. ಆದರ ಸಾಲಿಯಲ್ಲಿ ವಾರದ ಆರು ದಿನ ಅದನ್ನೇ ಕೇಳಿದ ಮಗು ಏಳನೇ ದಿನನೂ ಅದನ್ನೇ ಕೇಳಬೇಕಾದ್ರ ಯಾವ ಕಡೆ ಮುಖ ತಿರುಗಿಸಬೇಕು?

ಕಿಲ್ವಿಷನ ಕಡೆಗೇ ತಿರುಗಿಸುತ್ತದೆ. ಯಾಕಂದ್ರ ಅವ ಉಪದೇಶ ಮಾಡೋದಿಲ್ಲ. ಸ್ವಾರಿ ಹೇಳು ಅನ್ನೋದಿಲ್ಲ. ತನಗೇನು ಬೇಕು ಅನ್ನೋದನ್ನ ಮೂರು ಶಬ್ದದಲ್ಲಿ ಹೇಳತಾನ. ಆ ಅಗ್ಗದ ಗುಹೆಯಲ್ಲಿ, ಆ ಅಗ್ಗದ ವೇಷದಲ್ಲಿ ಕುಂತು ಸುರೇಂದ್ರ ಪಾಲ್ ಅವರು ಇದು ಮಕ್ಕಳ ಆಟ ಅಂತ ಹಗುರ ಮಾಡಿಕೊಳ್ಳಲಿಲ್ಲ. ದೊಡ್ಡ ರಂಗದ ಮ್ಯಾಲೆ ನಿಂತವರಂಗ ಪೂರಾ ಧ್ವನಿ ಕೊಟ್ಟರು. ಹಾಡುವವನಿಗೆ ಇದು ಗೊತ್ತಾಗುತ್ತದೆ. ಐದು ಮಂದಿ ಕುಂತಿರಲಿ, ಐದು ಸಾವಿರ ಮಂದಿ ಇರಲಿ, ಧ್ವನಿ ಅಷ್ಟೇ ಕೊಡಬೇಕು. ಮಕ್ಕಳು ಅದನ್ನ ಹಿಡಿದವು. ಮತ್ತೊಂದು ಐತಿ. ಕಿಲ್ವಿಷ ಪ್ರತಿ ಸಲ ಸೋಲತಾನ, ಮುಂದಿನ ವಾರ ಮತ್ತ ಬಂದು ಕುಂದರತಾನ. ದಿನಾ ಬೈಸಿಕೊಂಡು ಮರುದಿನ ಅದೇ ಬೆಂಚಿಗೆ ಹೋಗಿ ಕುಂದರೋ ಹುಡುಗನಿಗೆ ಅದರ ಮರ್ಮ ತಿಳಿಯುತ್ತದೆ. ಅವನು ಪಾಪವನ್ನು ಮೆಚ್ಚಲಿಲ್ಲ, ಪಾತ್ರವನ್ನು ಮೆಚ್ಚಿದ.

ಈಗ ಗುರುಗಳಿಗೆ ಒಂದು ಪ್ರಶ್ನೆ. ಈ ಧಾರಾವಾಹಿಯಿಂದ ಮಕ್ಕಳಿಗೆ ಅಪಾಯ ಆಯಿತು ಅಂತ ದೇಶದಲ್ಲೆಲ್ಲಾ ಒಮ್ಮೆ ಗದ್ದಲ ಎದ್ದಿತ್ತು, ನೆನಪೈತೇನ್ರಿ? ಶುರುವಾಗಿ ಸ್ವಲ್ಪ ಕಾಲದಲ್ಲೇ ಪತ್ರಿಕೆಗಳಲ್ಲಿ ಸುದ್ದಿ ಬಂತು. ಮಕ್ಕಳು ಮಾಳಿಗೆಯಿಂದ ಜಿಗಿದವು, ಮೈಗೆ ಬೆಂಕಿ ಹಚ್ಚಿಕೊಂಡವು ಅಂತ. ಧಾರಾವಾಹಿ ಮಾಡಿದವರು ಇದಕ್ಕೂ ತಮಗೂ ಸಂಬಂಧ ಇಲ್ಲ ಅಂದರು. ಆ ಸುದ್ದಿಗಳ ಸತ್ಯಾಸತ್ಯ ಬಿಡ್ರಿ, ಸುದ್ದಿ ಏನಂತ ಇತ್ತು ಅನ್ನೋದನ್ನ ನೋಡ್ರಿ. ಕಿಲ್ವಿಷನನ್ನು ಮೆಚ್ಚಿ ಒಂದು ಮಗು ಊರಿಗೆ ಬೆಂಕಿ ಇಟ್ಟಿತು ಅಂತ ಸುದ್ದಿ ಬರಲಿಲ್ಲ. ಶಕ್ತಿಮಾನ್ ಬಂದು ಉಳಿಸತಾನ ಅಂತ ನಂಬಿ ಮಕ್ಕಳು ಜಿಗಿದವು ಅಂತ ಸುದ್ದಿ ಬಂತು. ಕಡೀಕ ಶಕ್ತಿಮಾನೇ ಟೀವಿಯಲ್ಲಿ ನಿಂತು, ಮಕ್ಕಳೇ ಹಂಗೆಲ್ಲಾ ಮಾಡಬ್ಯಾಡ್ರಿ ಅಂತ ಹೇಳಬೇಕಾಯಿತು.

ಅಂದ್ರ ತಂದೆ ತಾಯಿಗಳು ಅಂಜಿದ್ದು ಯಾರಿಗೆ? ನಾಯಕನಿಗೆ. ಕೆಟ್ಟವನ ಮಾತು ಕೇಳಿದ ಮಗು ನಕ್ಕು ಅನುಕರಣೆ ಮಾಡಿತು. ಒಳ್ಳೆಯವನನ್ನು ಖರೇ ಅಂತ ನಂಬಿದ ಮಗುವಿಗೇ ಕುತ್ತು ಇತ್ತು. ಕೆಟ್ಟವನನ್ನು ನೋಡುವಾಗ ಮನುಷ್ಯ ಅರ್ಧ ಎಚ್ಚರ ಇರತಾನ. ಇದು ಆಟ ಅಂತ ಒಳಗ ಗೊತ್ತಿರುತ್ತದೆ. ಯಾರೋ ಬಂದು ನಮ್ಮನ್ನು ಉದ್ಧಾರ ಮಾಡತಾರ ಅಂತ ನಂಬಿದಾಗ ಆ ಎಚ್ಚರ ಹೋಗುತ್ತದೆ. ಇದು ಮಕ್ಕಳ ಮಾತಷ್ಟೇ ಅಲ್ಲ, ದೊಡ್ಡವರಿಗೂ ಕೂಡುತ್ತದೆ. ನಮ್ಮಂಥ ರೈತರು ಯಾವ ಯಾವ ಮಾಳಿಗೆಯಿಂದ ಯಾರ ಯಾರನ್ನ ನಂಬಿ ಜಿಗಿದೀವಿ ಅನ್ನೋದನ್ನ ಓದುವವರೇ ಲೆಕ್ಕ ಹಾಕಿಕೊಳ್ಳಿರಿ.

ಇನ್ನು, ಕೆಟ್ಟವನನ್ನು ಮೆಚ್ಚೋದು ಕಲಿಗಾಲದ ಹೊಸ ರೋಗ ಅನ್ನುವ ಮಾತು. ಇದನ್ನ ನಾನು ಒಪ್ಪೋದಿಲ್ಲ. ಘಟ್ಟದ ಮ್ಯಾಲಿನ ನಮ್ಮ ಊರುಗಳಲ್ಲಿ ದೊಡ್ಡಾಟ ನೋಡಿದವರಿಗೆ ಗೊತ್ತು. ರಾಮ ಬಂದಾಗ ಮಂದಿ ಕೈ ಮುಗೀತಾರ. ರಾವಣ ಬಂದಾಗ ಎದ್ದು ಕುಂದರತಾರ. ನಿದ್ದಿ ಹೋದ ಮಕ್ಕಳನ್ನ ತಾಯಂದಿರು ಅಲುಗಾಡಿಸಿ ಎಬ್ಬಿಸತಾರ, "ಏಳೋ, ರಾವಣ ಬಂದ" ಅಂತ. ರಾಕ್ಷಸನ ಪಾತ್ರಕ್ಕೇ ದೊಡ್ಡ ಕಿರೀಟ, ದೊಡ್ಡ ಭುಜಕೀರ್ತಿ, ಜೋರು ಕುಣಿತ, ಮದ್ದಲಿಗೆ ಜೋರು ಪೆಟ್ಟು. ಆಯೇರಿ ಮಾಡುವವರೂ ರಾವಣನ ಪಾತ್ರಧಾರಿಗೇ ಟವೆಲ್ಲು ಹೊದಿಸಿ ಹತ್ತು ರೂಪಾಯಿ ನೋಟು ಹಚ್ಚತಿದ್ದರು. ಅದನ್ನು ನೋಡಿ ಬೆಳೆದ ನಮ್ಮ ಅಪ್ಪ ಅಜ್ಜಂದಿರು ಯಾರೂ ಪರರ ಹೆಂಡಿರನ್ನ ಹೊತ್ತುಕೊಂಡು ಹೋಗಲಿಲ್ಲ.

ಹಾಡಿದವರ ಮಾತು ಬ್ಯಾಡ, ಬರೆದವರ ಮಾತು ಬೇಕು ಅಂದ್ರ ಅದೂ ಐತಿ. ಮುಧೋಳದ ರನ್ನ ಸಾವಿರ ವರ್ಷದ ಹಿಂದ ಗದಾಯುದ್ಧ ಬರೆದ. ವಾಚನಾಲಯದಲ್ಲಿ ಅದರ ಗದ್ಯವನ್ನ ಒಬ್ಬರು ಓದಿ ಹೇಳುವಾಗ ನಾನು ಕೇಳೀನಿ. ರನ್ನ ತನ್ನ ರಾಜನನ್ನು ಭೀಮನಿಗೆ ಹೋಲಿಸಿ, ಭೀಮನ ಹೊಗಳಿಕೆಗಂತಲೇ ಆ ಕಾವ್ಯ ಕಟ್ಟಿದ. ಆದರ ಓದಿದವರ ಕಣ್ಣಾಗ ನೀರು ಬರೋದು ದುರ್ಯೋಧನನಿಗೆ. ತಮ್ಮಂದಿರು ಸತ್ತು, ಕರ್ಣ ಸತ್ತು, ರಣದಲ್ಲಿ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನ. ರನ್ನನಿಗೆ ಅವನ ಪಾಪ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಬರೆದರು, ಅದಕ್ಕೆ 1967ರಲ್ಲಿ ಜ್ಞಾನಪೀಠ ಬಂತು. ಅದರಲ್ಲೂ ರಾವಣ ಬರೀ ಸಾಯೋದಕ್ಕೆ ಹುಟ್ಟಿದ ಗೊಂಬಿ ಅಲ್ಲ, ಮನಸ್ಸು ತಿರುಗುವ ಮನುಷ್ಯ. ಇವರಿಬ್ಬರ ಹೆಸರನ್ನು ಗುರುಗಳೇ ಪಾಠದಾಗ ಹೇಳತಾರ. ರನ್ನ ಮಾಡಿದರೆ ಕಾವ್ಯ, ನನ್ನ ಮೊಮ್ಮಗ ಇದ್ದಲಿ ಹಚ್ಚಿಕೊಂಡರೆ ರೋಗ, ಇದು ಯಾವ ನ್ಯಾಯ?

ನನ್ನ ಹಾಡಿಕೆಯ ಮಾತೂ ಹೇಳತೀನಿ. ನಮ್ಮಲ್ಲಿ ಹರದೇಶಿ ನಾಗೇಶಿ ಅಂತ ಎರಡು ಕಡೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಅಂತ ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತ ಹಾಡಬೇಕು. ಇಡೀ ರಾತ್ರಿ ಒಬ್ಬರನ್ನೊಬ್ಬರು ಬಿಡೋದಿಲ್ಲ. ಆ ಪುರಾಣ ತೆಗೆದು, ಈ ಪುರಾಣ ತೆಗೆದು, ಎದುರಿನವರ ದೇವರನ್ನೇ ಜಾಲಾಡಿಸಿ ಬಿಡತಾರ. ಕೇಳಿದವರು ಇವರು ಬೆಳಗಾದರೆ ಕೊಡಲಿ ತಗೋತಾರ ಅಂದುಕೋಬೇಕು. ಬೆಳಗಾದ ಮ್ಯಾಲೆ ಏನಾಗತದ? ಮಂಗಳಾರತಿ ಹಾಡಿ ಎರಡೂ ಮೇಳದವರು ಒಂದೇ ಸಾಲಿಗೆ ಕುಂತು ರೊಟ್ಟಿ ತಿಂತಾರ. ನಾನು ಎಷ್ಟೋ ರಾತ್ರಿ ನನಗೆ ಒಪ್ಪಿಗೆ ಇಲ್ಲದ ಮಾತನ್ನೂ ಗಂಟಲು ಹರಿಯೋ ಹಂಗ ಹಾಡೀನಿ. ಹಂಗ ಹಾಡಿದ್ದರಿಂದ ನಾನು ಕೆಡಲಿಲ್ಲ. ಎದುರಿನವನ ಮಾತಿನಲ್ಲೂ ಒಂದು ಜೀವ ಐತಿ ಅಂತ ಕಲಿತೆ. ರಾತ್ರಿ ಹಾಕಿದ ಪಾತ್ರವನ್ನ ಬೆಳಿಗ್ಗೆ ತೆಗೆದಿಡೋದನ್ನ ಕಲಿತೆ.

ನಾನು ಹೇಳಬೇಕಾದ ಮಾತು ಇದೇ. ಕೆಟ್ಟವನ ವೇಷ ಹಾಕಿದರೆ ಯಾರೂ ಕೆಡೋದಿಲ್ಲ. ವೇಷ ಬಿಚ್ಚೋದನ್ನ ಮರೆತರೆ ಕೆಡತಾರ. ದೊಡ್ಡಾಟದ ರಾವಣ ಬೆಳಗಾದ ಮ್ಯಾಲೆ ಏನು ಮಾಡತಿದ್ದ? ಕೊಬ್ಬರಿ ಎಣ್ಣಿ ಹಚ್ಚಿ ಬಣ್ಣ ಒರೆಸಿ, ಬಾವಿ ದಂಡಿಗೆ ಮುಖ ತೊಳೆದು, ಎತ್ತು ಹೊಡಕೊಂಡು ಹೊಲಕ್ಕ ಹೋಗತಿದ್ದ. ನಾವು ಸಣ್ಣವರು ಹಿಂದ ಹಿಂದ ಓಡಿ ನೋಡತಿದ್ದೆವು. ರಾತ್ರಿ ಸೀತಾದೇವಿಯನ್ನ ಎಳೆದೊಯ್ದವ ಬೆಳಿಗ್ಗೆ ನಮ್ಮ ಕಾಕಾ ಆಗಿ, ತಲಿ ಮ್ಯಾಲೆ ಮೊಟಕಿ, ಸಾಲಿಗೆ ಹೋಗ್ರಲೇ ಅಂತಿದ್ದ. ಅವನ ಕಿವಿ ಸಂದಿಯಲ್ಲಿ ಎರಡು ದಿನ ಕೆಂಪು ಬಣ್ಣ ಉಳಿದಿರತಿತ್ತು. ಆ ಕೆಂಪು ಬಣ್ಣವೇ ನಮಗೆ ಪಾಠ. ಪಾತ್ರ ಬೇರೆ, ಮನುಷ್ಯ ಬೇರೆ.

ಟೀವಿಯಲ್ಲಿ ಆ ಬಾವಿ ದಂಡಿ ಇಲ್ಲ. ಕಿಲ್ವಿಷ ಮುಖ ತೊಳೆಯೋದನ್ನ ಮಗು ನೋಡೋದಿಲ್ಲ. ಗುರುಗಳ ಅಂಜಿಕೆಯಲ್ಲಿ ಖರೇ ಇರೋದು ಇಷ್ಟು, ಅದನ್ನ ನಾನು ಒಪ್ಪತೀನಿ. ಆದರ ಅದಕ್ಕ ಮದ್ದು ಯಾವುದು? ಕಿಲ್ವಿಷನನ್ನ ಓಡಿಸೋದಲ್ಲ, ಅವನ ಮುಖ ತೊಳೆದು ತೋರಿಸೋದು. ಅದು ಸಸಾರ. 1988ರಿಂದ 1990ರತನಕ ಬಿ. ಆರ್. ಚೋಪ್ರಾ ಅವರ ಮಹಾಭಾರತ ಬಂತಲ್ಲ, ಎಲ್ಲರೂ ನೋಡಿದ್ದೇ. ಅದರಲ್ಲಿ ಭೀಷ್ಮ ಯಾರು? ಇದೇ ಮುಕೇಶ್ ಖನ್ನಾ. ದ್ರೋಣಾಚಾರ್ಯ ಯಾರು? ಇದೇ ಸುರೇಂದ್ರ ಪಾಲ್. ಅಲ್ಲಿ ಒಬ್ಬರು ಪಿತಾಮಹ, ಒಬ್ಬರು ಗುರು, ಇಬ್ಬರೂ ಕೌರವರ ಕಡೆ ಒಂದೇ ಸಾಲಿಗೆ ನಿಂತವರು. ಹತ್ತು ವರ್ಷದೊಳಗ ಒಬ್ಬರು ಬೆಳಕು, ಒಬ್ಬರು ಕತ್ತಲೆ. ಯಾವ ಮುಖಕ್ಕ ನಾವು ಗುರು ಅಂತ ಕೈ ಮುಗಿದೆವೋ ಅದೇ ಮುಖ ಕಿಲ್ವಿಷನದು. ಈ ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ಮಕ್ಕಳಿಗೆ ತೋರಿಸ್ರಿ. ಹತ್ತು ನೀತಿಪಾಠ ಬೇಕಾಗೋದಿಲ್ಲ.

ನಾವಿರುವ ಈ ಗೋವೆಯ ಮಂದಿಗೂ ಈ ಮರ್ಮ ಗೊತ್ತೈತಿ. ದೀಪಾವಳಿಯ ನರಕ ಚತುರ್ದಶಿಯ ಹಿಂದಿನ ರಾತ್ರಿ ಇಲ್ಲಿ ಯಾವ ಊರಿಗೆ ಹೋದರೂ ನರಕಾಸುರ ನಿಂತಿರತಾನ. ವಾಡೆ ವಾಡೆಯ ಹುಡುಗರು ವಾರಗಟ್ಟಲೆ ನಿದ್ದಿಗೆಟ್ಟು ಬಿದಿರು ಕಟ್ಟಿ, ಹುಲ್ಲು ತುಂಬಿ, ಕಾಗದ ಅಂಟಿಸಿ, ಬಣ್ಣ ಹಚ್ಚಿ ಎತ್ತರಕ್ಕ ನಿಲ್ಲಿಸತಾರ. ಯಾರ ನರಕಾಸುರ ಚಂದ ಅಂತ ಸ್ಪರ್ಧೆ, ಬಹುಮಾನ. ಕೃಷ್ಣ ಎಲ್ಲಿ ಅಂತ ಹುಡುಕಿದರ ಒಂದು ಮೂಲೆಯಲ್ಲಿ ಸಣ್ಣವ ಇರತಾನ. ಇದನ್ನು ನೋಡಿ ಇಲ್ಲಿಯೂ ಕೆಲವರು ಪ್ರತಿ ವರ್ಷ ತಕರಾರು ತೆಗೀತಾರ, ಅಸುರನನ್ನು ಮೆರೆಸತೀರಿ ಅಂತ. ನಮ್ಮ ಗುರುಗಳ ಮಾತೇ ಅದು, ಕೊಂಕಣಿಯಲ್ಲಿ.

ಆದರ ಆ ರಾತ್ರಿ ಮುಗಿಯೋದನ್ನ ನೋಡ್ರಿ. ಬೆಳಗಾಗೋ ಮುಂಚೆ ಅದೇ ಹುಡುಗರು ತಮ್ಮ ಕೈಯಾರೆ ಕಟ್ಟಿದ ನರಕಾಸುರನಿಗೆ ಬೆಂಕಿ ಕೊಡತಾರ. ಆಮ್ಯಾಲೆ ಮನಿಗೆ ಹೋಗಿ ತುಳಸಿ ಮುಂದ ಕಾರಿಟ ಅನ್ನುವ ಕಹಿ ಕಾಯಿಯನ್ನ ಕಾಲಬೆರಳಿನಿಂದ ಒಡೆದು, ಎಣ್ಣಿ ಹಚ್ಚಿ ಜಳಕ ಮಾಡಿ, ಅವಲಕ್ಕಿ ತಿಂತಾರ. ಪ್ರೀತಿಯಿಂದ ಕಟ್ಟಿದರು, ಹೊತ್ತು ಮೆರೆದರು, ಸುಟ್ಟರು, ಮೈ ತೊಳೆದರು. ಇದರಾಗ ಒಂದನ್ನೂ ಬಿಡುವಂಗಿಲ್ಲ. ಕಟ್ಟದೇ ಸುಡಲಿಕ್ಕೆ ಬರೋದಿಲ್ಲ. ಕಟ್ಟೋದೇ ಬ್ಯಾಡ ಅನ್ನುವವರು ಸುಡೋದನ್ನೂ ಕಲಿಸಲಾರರು. ಕಟ್ಟಿ, ಸುಡದೇ ಹಂಗೇ ನಿಲ್ಲಿಸಿಕೊಂಡರ ಮಾತ್ರ ತಪ್ಪು. ಕೈಯಲ್ಲಿ ಮಚ್ಚು ಹಿಡಿದವನೇ ನಾಯಕ ಆಗಿ ಕಡೀತನಕ ಗೆದ್ದು ಹೋಗುವ ಸಿನಿಮಾಗಳು ಬರತಾವಲ್ಲ, ಅವುಗಳ ಬಗ್ಗೆ ಗುರುಗಳು ಬರೆಯಲಿ, ನಾನು ಅವರ ಹಿಂದ ನಿಂತು ಸೂರು ಹಿಡೀತೀನಿ. ಅಲ್ಲಿ ಬೆಳಗಾಗೋದೇ ಇಲ್ಲ. ಕಿಲ್ವಿಷ ಹಂಗಲ್ಲ. ಅವನು ತಾನು ಕತ್ತಲೆ ಅಂತ ತಾನೇ ಹೇಳತಾನ, ಸೋತು ಹೋಗತಾನ. ತನ್ನನ್ನ ಬೆಳಕು ಅಂತ ಮಾರೋದಿಲ್ಲ.

ಈಗ ನನ್ನ ಮನಸ್ಸಿನಾಗ ಕೊರೆಯುವ ಮಾತು. ಟೀವಿಯ ಖಳನಾಯಕನಿಗೆ ಇಷ್ಟು ಅಂಜುವ ನಾವು ಓಣಿಯಲ್ಲಿ ಏನು ಮಾಡತೀವಿ? ಇಲ್ಲಿ ಕೆಲವರು ನಮ್ಮನ್ನು ಘಾಂಟಿ ಅಂತಾರ. ಘಟ್ಟದ ಮ್ಯಾಲಿಂದ ಬಂದವರು ಅಂತ, ಆದರ ಬೈಗುಳ ಮಾಡಿ ಅಂತಾರ. ಎಲ್ಲಿಯಾದರೂ ಕಳವು ಆದರ ಮೊದಲು ನಮ್ಮ ಓಣಿಗೆ ಬಂದು ಕೇಳತಾರ. ಕಟ್ಟಡಕ್ಕ ಕಲ್ಲು ಹೊತ್ತವರು, ರಸ್ತೆಗೆ ಖಡಿ ಹಾಕಿದವರು, ಕಾಯಿಪಲ್ಲೆ ಬೆಳೆದು ಸಂತಿಗೆ ಹೊತ್ತವರು ನಾವು. ಆದರೂ ಕಥಿಯೊಳಗ ನಮಗ ಕೊಟ್ಟ ಪಾತ್ರ ಖಳನದೇ. ಈ ವೇಷ ನಾವು ಹಾಕಿಕೊಂಡಿದ್ದಲ್ಲ, ಹಾಕಿಸಿದ್ದು. ಬೆಳಗಾದರೂ ತೆಗೆಯಲಿಕ್ಕೆ ಬಿಡೋದಿಲ್ಲ.

ನಾವೇನು ಸಾಧುಗಳೇ? ಘಟ್ಟ ಹತ್ತಿ ಮ್ಯಾಲೆ ಹೋಗ್ರಿ, ಮಹದಾಯಿ ನೀರಿನ ಮಾತು ತೆಗೀರಿ. ನವಲಗುಂದ, ನರಗುಂದದ ಕಡೆ ಗೋವೆಯವರು ಅಂದ್ರ ನೀರು ಕೊಡದ ಕಿಲ್ವಿಷರು. ಇಲ್ಲಿ ಇಳಿದು ಬರ್ರಿ, ಅದೇ ನದಿ ಮಾಂಡವಿ ಆಗುತ್ತದೆ, ನೀರು ಕಸಿಯೋ ಕಿಲ್ವಿಷ ಕರ್ನಾಟಕ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು ಕರ್ನಾಟಕಕ್ಕ 13.42 ಟಿಎಂಸಿ ಅಂತು. ಎರಡೂ ಕಡೆಯವರಿಗೆ ಸಮಾಧಾನ ಆಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ವ್ಯಾಜ್ಯ ಇರಲಿ, ನೀರಿನ ಲೆಕ್ಕ ಕೋರ್ಟಿನಾಗ ಆಗಲಿ. ಆದರ ಆ ಸಿಟ್ಟು ಬಸ್‌ಸ್ಟ್ಯಾಂಡಿನಾಗ ನಿಂತ ಬಡವನ ಮ್ಯಾಲೆ ಯಾಕ ಬರಬೇಕು? ಗೋವೆಯಲ್ಲಿ ದುಡಿದು ತಿನ್ನುವ ನಾವೇ ಊರಿಗೆ ಹೋದಾಗ ಗೋವೆಯವರನ್ನ ಬೈದು ಕೈ ಚಪ್ಪಾಳೆ ಗಿಟ್ಟಿಸಿದ್ದು ಐತಿ. ನಾನೂ ಒಂದು ಜಾತ್ರೆಯಲ್ಲಿ ಅಂಥಾ ಪದ ಹಾಡಿ ಆಯೇರಿ ತಗೊಂಡೀನಿ. ಮಂಗಳಾರತಿ ಆದ ಮ್ಯಾಲೆ ಆ ಪಾತ್ರ ತೆಗೆದಿಡಲಿಲ್ಲ, ಮನಿತನಕ ಹೊತ್ತುಕೊಂಡು ಬಂದೆ. ಅದರ ನಾಚಿಕೆ ಇನ್ನೂ ಹೋಗಿಲ್ಲ.

ಕಿಲ್ವಿಷನನ್ನ ಮೆಚ್ಚುವ ಮಗುವಿನಿಂದ ಯಾರಿಗೂ ಕೇಡಿಲ್ಲ. ನೆರೆಮನಿಯವನೇ ಕಿಲ್ವಿಷ ಅಂತ ಮಗುವಿಗೆ ಕಲಿಸುವ ದೊಡ್ಡವನಿಂದ ಕೇಡು. ಆ ಮಗು ತನ್ನನ್ನು ಶಕ್ತಿಮಾನ್ ಅಂತ ತಿಳಕೋತದ. ಶಕ್ತಿಮಾನ್ ಅಂತ ತಿಳಕೊಂಡ ಮನುಷ್ಯ ಯಾರಿಗೆ ಬೇಕಾದರೂ ಹೊಡೀತಾನ, ಕೈ ನಡುಗೋದಿಲ್ಲ, ಯಾಕಂದ್ರ ತಾನು ಬೆಳಕು, ಎದುರಿನವ ಕತ್ತಲೆ. ಲೋಕದಲ್ಲಿ ನಡೆದ ದೊಡ್ಡ ದೊಡ್ಡ ಹೊಡೆದಾಟದಾಗ ತಮ್ಮನ್ನು ತಾವು ಕೆಟ್ಟವರು ಅಂತ ಕರಕೊಂಡು ಹೋದವರು ಯಾರಿದ್ದಾರ? ಎಲ್ಲರೂ ನಾಯಕರಾಗಿಯೇ ಹೋದರು. ತಾನೊಮ್ಮೆ ಕಿಲ್ವಿಷನ ವೇಷ ಹಾಕಿ ನೋಡಿದ ಹುಡುಗನಿಗೆ, ಕೆಟ್ಟವ ಅನ್ನಿಸಿಕೊಂಡು ಎಲ್ಲರ ಎದುರು ನಿಂತಾಗ ಹೊಟ್ಟಿಯೊಳಗ ಏನಾಗತದ ಅನ್ನೋದು ಗೊತ್ತಿರತದ. ಅವನು ಇನ್ನೊಬ್ಬನಿಗೆ ಆ ಹೆಸರು ಇಡೋ ಮುಂಚೆ ಒಂದು ಸಲ ಯೋಚನೆ ಮಾಡತಾನ.

ಅದಕ್ಕ ಗುರುಗಳಿಗೆ, ಗುರುಮಾತೆಯರಿಗೆ ಕೈ ಮುಗಿದು ಕೇಳೋದಿಷ್ಟು. ಮುಂದಿನ ಛದ್ಮವೇಷದಲ್ಲಿ ಕಿಲ್ವಿಷನಿಗೂ ಒಂದು ನಂಬರು ಕೊಡ್ರಿ. ರಾವಣನಿಗೂ ಕೊಡ್ರಿ, ಕೀಚಕನಿಗೂ ಕೊಡ್ರಿ. ಗಾಂಧೀಜಿ ವೇಷ ಹಾಕಿದ ಹುಡುಗ ಎಂಟು ಜನ ಇರತಾರ, ಅವರು ಎಂಟೂ ಮಂದಿ ಕೋಲು ಹಿಡಿದು ಸುಮ್ಮನ ನಿಂತು ಇಳೀತಾರ, ಅದೂ ನಿಮಗ ಗೊತ್ತು. ಜೋರಾಗಿ ಮಾತಾಡೋ ಹುಡುಗನಿಗೆ ಜೋರಾಗಿ ಮಾತಾಡಲಿಕ್ಕೆ ಬಿಡ್ರಿ. ಅದರ ಜೊತಿಗೆ ವೇದಿಕೆ ಮ್ಯಾಲೇ ಒಂದು ಬಕೆಟ್ ನೀರು, ಒಂದು ಚೊಂಬು ಇಡ್ರಿ. ಪಾತ್ರ ಮುಗಿದ ಕೂಡಲೇ ಎಲ್ಲರ ಎದುರು ಅವನು ಮುಖ ತೊಳೀಲಿ, ತನ್ನ ಹೆಸರು ಹೇಳಲಿ, ತನ್ನ ಅವ್ವ ಅಪ್ಪನ ಹೆಸರು ಹೇಳಲಿ. ನಾಯಕನ ವೇಷ ಹಾಕಿದವರೂ ಹಂಗೇ ತೊಳೀಲಿ. ಅವರಿಗೆ ಇನ್ನೊಂದು ಚೊಂಬು ಹೆಚ್ಚಿಗೇ ಕೊಡ್ರಿ, ಯಾಕಂದ್ರ ಆ ಬಣ್ಣ ಲಗೂ ಹೋಗೋದಿಲ್ಲ.

ಆ ದಿನ ಸಂಜೀಕ ನಾನು ಮೊಮ್ಮಗನನ್ನ ಹಿತ್ತಲಿಗೆ ಕರಕೊಂಡು ಹೋದೆ. ಕಂಬಳಿ ಮತ್ತ ಹೊದಿಸಿದೆ. ಓಣಿಯ ಹುಡುಗರನ್ನೆಲ್ಲಾ ಕೂಡಿಸಿದೆ, ಪಕ್ಕದ ಮನಿಯ ಕೊಂಕಣಿ ಮಾತಾಡೋ ಇಬ್ಬರು ಹುಡುಗರೂ ಬಂದರು. ನಾನು ಡಪ್ಪು ಬಡಿದೆ. ಅವನು ಕಲ್ಲಿನ ಮ್ಯಾಲೆ ನಿಂತು ಹೊಟ್ಟಿಯಿಂದ ಧ್ವನಿ ತೆಗೆದು ಕತ್ತಲೆ ಹಿಂಗ ಉಳೀಲಿ ಅಂದ. ಹುಡುಗರು ಕೇಕೆ ಹಾಕಿದರು. ಆಮ್ಯಾಲೆ ನಳದ ಕೆಳಗ ಕುಂದರಿಸಿ ನಾನೇ ಮುಖ ತೊಳೆದೆ. ಇದ್ದಲಿ ಎಲ್ಲಾ ಹೋಯಿತು, ಕಿವಿ ಹಿಂದ ಒಂದಿಷ್ಟು ಉಳಿಯಿತು. ಉಳೀಲಿ ಬಿಡು, ನಾಳೆ ಹೋಗತದ ಅಂದೆ. ಅವನು ಕೇಳಿದ ಪ್ರಶ್ನೆಗೆ ಬಾಯಿಂದ ಉತ್ತರ ಕೊಡೋ ಕೆಲಸ ಬೀಳಲಿಲ್ಲ.